ಮನೋರಮೆಯ ಕಿವಿ

ಕನ್ನಡದ ಹಳೆಯ ವಿಡಂಬನೆಯನ್ನು ಆಡಿಯೊ ಪುಸ್ತಕವಾಗಿ ಕೇಳಬೇಕೆಂದರೆ ನನ್ನ ಮೊದಲ ಆಯ್ಕೆ ‘ಶ್ರೀರಾಮಾಶ್ವಮೇಧಂ’. ಕುಕ್ಕುಂದೂರು ಇರುವ ಕಾರ್ಕಳ ತಾಲ್ಲೂಕಿನದೇ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನವರು ಉಡುಪಿಯಲ್ಲಿ ಮಕ್ಕಳಿಗೆ ಅಂಗಸಾಧನೆ ಕಲಿಸುತ್ತಿದ್ದ ಮೇಷ್ಟ್ರು. ಕೃತಿಗೆ ತಮ್ಮ ಹೆಸರಿಡದೆ ‘ಮುದ್ದಣ’ನಾದರು, 1901ರಲ್ಲಿ ಕ್ಷಯದಿಂದ ತೀರಿಕೊಂಡಾಗ ವಯಸ್ಸು 31.

ಆ ಕೃತಿ ಹುಟ್ಟುವುದೇ ಕೇಳುವವಳಿಂದ. ಮಳೆಗಾಲ, ಹೊತ್ತು ಹೋಗದು. ಮನೋರಮೆ ಗಂಡನಿಂದ ಕಥೆ ಹೇಳಿಸುತ್ತಾಳೆ. ಪದ್ಯ ಬೇಡ, ಗದ್ಯವಿರಲಿ ಎನ್ನುತ್ತಾಳೆ. ಆತ ಸಂಸ್ಕೃತ ತುಂಬಿದ ಗದ್ಯ ಶುರುಮಾಡಿದರೆ ತಡೆದು, ತಿಳಿಯುವ ಕನ್ನಡ ಬೇಕೆಂದು ಹಟ ಹಿಡಿಯುತ್ತಾಳೆ. ಶತಮಾನಗಳ ಕಾವ್ಯದ ಗತ್ತು ಹೆಂಡತಿಯ ಒಂದು ಮಾತಿಗೆ ಮುಗ್ಗರಿಸುತ್ತದೆ. ತಮಾಷೆಯೆಂದರೆ, ಈ ಜಗಳವೂ ಹಳಗನ್ನಡದಲ್ಲೇ ಇದೆ!

ಅಚ್ಚಿನಲ್ಲಿ ಕಂಡು ಹೆದರುವ ವಿದ್ಯಾರ್ಥಿಗೂ ಗಟ್ಟಿಯಾಗಿ ಓದಿದಾಗ ಅದರ ಕೊಂಕು ತಟ್ಟುತ್ತದೆ. ಆದರೆ ಒಂದೇ ಗಂಭೀರ ದನಿಯಲ್ಲಿ ಓದಿಕೊಂಡು ಹೋದರೆ ಮನೋರಮೆಯೇ ಇಲ್ಲವಾಗುತ್ತಾಳೆ (ತರಗತಿಗಳಲ್ಲಿ ಎಷ್ಟೋ ಸಲ ಆಗುವುದೂ ಅದೇ). ಎರಡು ದನಿ ಬೇಕು. ಹೆಣ್ಣುದನಿ ನಡುವೆ ಬಾಯಿ ಹಾಕಬೇಕು, ಗಂಡುದನಿ ಕ್ಷಣಹೊತ್ತು ತಬ್ಬಿಬ್ಬಾಗಬೇಕು. ಉದ್ದವಾಯಿತೆಂದು ಸಲ್ಲಾಪವನ್ನು ಕತ್ತರಿಸಿ ಕಥೆಯನ್ನಷ್ಟೇ ಧ್ವನಿಮುದ್ರಿಸಿದರೆ ಉಳಿಯುವುದು ಕುದುರೆ, ಯಾಗ, ಯುದ್ಧ.