ಅಚ್ಚುಕೂಟದ ಮಾತುಗಳು

ಯಾವುದಾದರೊಂದು ಕನ್ನಡ ಪುಸ್ತಕದ ಶೀರ್ಷಿಕೆಯ ಹಾಳೆಯನ್ನು ತಿರುವಿ ಅದರ ಹಿಂಬದಿಯನ್ನು ನೋಡಿದರೆ, ಪ್ರತಿಗಳ ಸಂಖ್ಯೆ ಮತ್ತು ಬೆಲೆಗಳ ನಡುವೆ ‘ಡೆಮಿ 1/8’ ಎಂದೂ ‘70 ಜಿ.ಎಸ್.ಎಂ. ಮ್ಯಾಪ್‌ಲಿಥೊ’ ಎಂದೂ ಅಚ್ಚಾಗಿರುವುದು ಅನೇಕ ವೇಳೆ ಕಾಣಬರುತ್ತದೆ. ಓದುಗರಲ್ಲಿ ಬಹುಮಂದಿ ಲಕ್ಷಿಸದೆ ದಾಟಿಹೋಗುವ ಇಂಥ ಶಬ್ದಗಳು ಈ ವೃತ್ತಿ ಯಾರ ಯಾರ ಕೈಯಿಂದ ನಮ್ಮಲ್ಲಿಗೆ ಬಂದಿತೆಂಬುದನ್ನು ತಿಳಿಸತಕ್ಕವು; ಅವುಗಳ ಪೈಕಿ ಕೆಲಸಗಾರರು ತಮ್ಮ ನುಡಿಯಿಂದಲೇ ಕಟ್ಟಿಕೊಂಡವು ಅತ್ಯಂತ ಸಮರ್ಪಕವೆಂದು ನನ್ನ ಭಾವನೆ.

ಮುದ್ರಣಕ್ಕೆ ಮುಂಚೆ ನಮ್ಮಲ್ಲಿ ಓಲೆಯಿತ್ತು, ಅದರ ಮೇಲೆ ಕೊರೆಯುವ ಕಂಟವಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತವಿತ್ತು. ಆ ಕಪ್ಪು ಬಟ್ಟೆ ಮರೆಯಾಗಿ, ಹೆಸರು ಮಾತ್ರ ಇಂದಿನ ಕಚೇರಿಯ ಕಾಗದಗಳ ಕಟ್ಟಿಗೆ ಅಂಟಿಕೊಂಡಿದೆ. ‘ಕಾಗದ’ವೆಂಬ ಮಾತಾದರೋ ಪಾರಸಿಯ ಸಂಪರ್ಕದಿಂದ ಬಂದದ್ದು.

ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿಯೇ ಅಚ್ಚಾಗಿದ್ದಿತಾದರೂ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮೊದಲು ಆಶ್ರಯಿಸಿದ್ದು ಕಲ್ಲಚ್ಚನ್ನು. ಆ ಮಿಷನ್ನಿನ ಹರ್ಮನ್ ಮೊಗ್ಲಿಂಗನ ‘ಮಂಗಳೂರ ಸಮಾಚಾರ’ ಪತ್ರಿಕೆಯು 1843ರ ಜುಲೈ 1ರಂದು ಹೊರಬಂದದ್ದು ಅದರಿಂದಲೇ. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಅಕ್ಷರಗಳನ್ನು ಮೂಡಿಸಿ ನೀರು ಸವರಿದರೆ, ಬರಹವಿಲ್ಲದ ಜಾಗ ನೀರನ್ನು ಹಿಡಿದು ಮಸಿಯನ್ನು ದೂರವಿಡುವುದು. ನೀರಿಗೂ ಜಿಡ್ಡಿಗೂ ಇರುವ ಈ ವೈರವನ್ನೇ ನಂಬಿ, ಕಲ್ಲಿಗೆ ಬದಲು ಲೋಹದ ತಗಡನ್ನಿಟ್ಟು, ಅಚ್ಚನ್ನು ಮೊದಲು ರಬ್ಬರಿಗೂ ಅಲ್ಲಿಂದ ಕಾಗದಕ್ಕೂ ದಾಟಿಸುವುದು ಇಂದಿನ ಆಫ್‌ಸೆಟ್. ‘ಮ್ಯಾಪ್‌ಲಿಥೊ’ ಎಂಬ ಕಾಗದದ ಹೆಸರಿನಲ್ಲಿರುವ ‘ಲಿಥೊ’ ಕೂಡ ಶಿಲೆಯೆಂಬ ಅರ್ಥದ ಗ್ರೀಕ್ ಶಬ್ದವೇ.

ಆದರೆ ಅಚ್ಚುಕೂಟದ ಭಾಷೆ ಪುಷ್ಟವಾದದ್ದು ಸೀಸದ ಅಕ್ಷರಗಳ ಕಾಲದಲ್ಲಿ. ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ಬಲ್ಲ ಜನಕ್ಕೆ ‘ಅಚ್ಚು’ ಹೊಸದಾಗಿರಲಿಲ್ಲ. ನೆಟ್ಟಗೆ ನಿಲ್ಲುವ ಲೋಹದ ಕಡ್ಡಿಯ ತಲೆಯಲ್ಲಿ ಅಕ್ಷರವನ್ನು ಕಂಡವರು ಅದನ್ನು ‘ಮೊಳೆ’ಯೆಂದರು. ಎಡಗೈಯಲ್ಲಿ ಮೊಳೆ ಜೋಡಿಸುವ ಸ್ಟಿಕ್ಕನ್ನು ಹಿಡಿದು, ಬಲಗೈಯಿಂದ ಮನೆಮನೆಯಾಗಿ ವಿಭಾಗಿಸಿದ ಮರದ ಕೇಸಿನಿಂದ ಒಂದೊಂದೇ ಮೊಳೆಯನ್ನು ಹೆಕ್ಕಿ, ತಲೆಕೆಳಗಾದ ಅಕ್ಷರಗಳನ್ನು ಸರಾಗವಾಗಿ ಓದಿಕೊಳ್ಳುತ್ತ ಸಾಲು ಕಟ್ಟುತ್ತಿದ್ದ ಕಂಪೋಸಿಟರನಿಗೆ, ಗುಣಿತಾಕ್ಷರ ಒತ್ತಕ್ಷರಗಳ ದೆಸೆಯಿಂದ ನೂರಾರು ಬಗೆಯ ಮೊಳೆಗಳ ಸ್ಥಾನಗಳು ಬೆರಳಿಗೇ ಗೊತ್ತಿರಬೇಕಾಗಿತ್ತು. ಜೋಡಣೆ ಮುಗಿದ ಮೇಲೆ ತೆಗೆದ ಮೊದಲ ಪ್ರತಿ ಕರಡಚ್ಚು. ಒರಟಾದದ್ದು, ಇನ್ನೂ ತಿದ್ದಬೇಕಾದದ್ದು ಎಂಬ ಎರಡು ಅರ್ಥಗಳೂ ಅದರಲ್ಲಿವೆ. ‘ಪ್ರೂಫ್’ ಎಂಬಲ್ಲಿ ಈ ಸೊಗಸಿಲ್ಲ.

ಕಾಗದದ ಎಣಿಕೆಯ ಮಾತುಗಳು ಇನ್ನೂ ದೂರದವು. ಹೊರೆಯೆಂಬ ಅರ್ಥದ ಅರಬ್ಬೀ ಶಬ್ದವೊಂದು ಸ್ಪೇನ್, ಫ್ರಾನ್ಸ್, ಇಂಗ್ಲೆಂಡುಗಳನ್ನು ಸುತ್ತಿ ನಮ್ಮಲ್ಲಿ ‘ರೀಮು’ ಆಯಿತು. ಕೈಯೆಂಬ ಅರ್ಥದ ಪಾರಸಿ ಶಬ್ದದಿಂದ ‘ದಸ್ತು’ ಬಂದಿತು. ಹಿಂದೆ 24 ಹಾಳೆಗಳಿಗೆ ಒಂದು ದಸ್ತು, 20 ದಸ್ತುಗಳಿಗೆ ಒಂದು ರೀಮು. ಈಗ ರೀಮಿಗೆ 500 ಹಾಳೆ. ಹದಿನೇಳೂವರೆಗೆ ಇಪ್ಪತ್ತೆರಡೂವರೆ ಅಂಗುಲದ ಡೆಮಿ ಹಾಳೆಯನ್ನು ಮೂರು ಸಲ ಮಡಿಸಿದರೆ ಎಂಟು ಎಲೆ, ಹದಿನಾರು ಪುಟ: ಇದೇ ‘ಡೆಮಿ 1/8’.

1936ರಲ್ಲಿ ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. ತರುವಾಯ ದಾಂಡೇಲಿಯಲ್ಲಿಯೂ ಒಂದು ಹುಟ್ಟಿ, ಮಲೆನಾಡಿನ ಬಿದಿರು ತಿರುಳಾಗಿ ಪುಸ್ತಕವಾಗತೊಡಗಿತು. ನೀರಿನಂಥ ತಿರುಳು ಓಡುವ ಜಾಲರಿಯ ಮೇಲೆ ಹರಿಯುವಾಗ ನಾರುಗಳು ಬಹುತೇಕ ಓಟದ ದಿಕ್ಕಿಗೇ ಒರಗುವುವು. ಆದುದರಿಂದಲೇ ಹಾಳೆಯನ್ನು ಒಂದು ಕಡೆಯಿಂದ ಸೀಳಿದರೆ ನೇರವಾಗಿಯೂ ಅಡ್ಡಲಾಗಿ ಸೀಳಿದರೆ ಅಂಕುಡೊಂಕಾಗಿಯೂ ಹರಿಯುವುದು. ಇನ್ನು ಜಿ.ಎಸ್.ಎಂ. ಎಂಬುದು ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಮಿನಲ್ಲಿ.

ಮೊಳೆಗಳು ಕರಗಿಹೋದುವು, ಅವನ್ನು ಕೈಯಾರೆ ಜೋಡಿಸಿದವರು ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ನಿಘಂಟುಕಾರರೂ ಭಾಷಾಭ್ಯಾಸಿಗಳೂ ತಡಮಾಡದೆ ಅವರ ಬಳಿ ಕುಳಿತು, ಕೇಸಿನ ಮನೆಮನೆಯ ಹೆಸರನ್ನೂ ಕೇಳಿ ಬರೆದುಕೊಳ್ಳಬೇಕು.