ಕಿರೀಟದ ಕೀರ್ತಿಯೂ ರಾಜಕಾರಣದ ಬಲವೂ

ಪುಣೆಯಿಂದ ಮುಂಬಯಿಗೆ ಹೋಗುವ ದಾರಿಯಲ್ಲಿ ಲೋಣಾವಳೆಗೆ ಮೊದಲು ಸಿಗುವ ತಳೇಗಾಂವಕ್ಕೆ ‘ದಾಭಾಡೆ’ ಎಂಬ ಉಪಪದವು ಮರಾಠಾ ರಾಜ್ಯದ ಸೇನಾಪತಿಗಳ ಮನೆತನದಿಂದ ಬಂದುದು. 1717ರಲ್ಲಿ ಶಾಹು ಮಹಾರಾಜನು ಖಂಡೇರಾವ ದಾಭಾಡೆಗೆ ಆ ಪದವಿಯನ್ನಿತ್ತನು. 1729ರಲ್ಲಿ ಖಂಡೇರಾವನು ತೀರಿಕೊಂಡನು. 1731ರಲ್ಲಿ ಅವನ ಮಗ ತ್ರಿಂಬಕರಾವನು ಡಭೋಯಿಯ ಕಾಳಗದಲ್ಲಿ ಬಾಜೀರಾವ ಪೇಶ್ವೆಯ ಸೈನ್ಯದೆದುರು ಮಡಿದನು. ಅನಂತರ ಪದವಿಯು ಎಳೆಯ ಮಗ ಯಶವಂತರಾವನ ಹೆಸರಿಗೆ ಬಂದಿತಾದರೂ ಅಧಿಕಾರವನ್ನು ನಡೆಸಿದವಳು ತಾಯಿ ಉಮಾಬಾಯಿ. ಪಿಲಾಜಿ ಗಾಯಕವಾಡನ ಕೊಲೆಯಾದಾಗ ಸೇನೆಯೊಡನೆ ಅಹಮದಾಬಾದಿನವರೆಗೂ ನಡೆದ ದಿಟ್ಟೆ ಆಕೆ. ಆದರೆ ಪದವಿ ದಾಭಾಡೆಯವರದಾಗಿದ್ದರೆ, ಗುಜರಾತಿನಲ್ಲಿ ಸೈನ್ಯವೂ ವಸೂಲಿಯೂ ಕ್ರಮೇಣ ಅವರ ಕೈಕೆಳಗಿನ ಗಾಯಕವಾಡರ ವಶವಾದವು. 1751ರಲ್ಲಿ ಆಕೆ ತಾರಾಬಾಯಿಯ ಪಕ್ಷವಹಿಸಿ ಪೇಶ್ವೆಯ ಸೆರೆಗೆ ಸಿಕ್ಕಳು. ಜೊತೆಯಲ್ಲಿಯೇ ಸೆರೆಯಾದ ದಮಾಜಿ ಗಾಯಕವಾಡನು ಮರುವರ್ಷ ಗುಜರಾತಿನ ಅರ್ಧಭಾಗವನ್ನು ಪೇಶ್ವೆಗೆ ಒಪ್ಪಿಸಿ ತನ್ನ ದಾರಿ ತಾನು ನೋಡಿಕೊಂಡನು. 1753ರಲ್ಲಿ ಉಮಾಬಾಯಿ ಗತಿಸಿದಳು. ಮನೆತನಕ್ಕೆ ಹಿಂದಿನ ಹಿರಿಮೆ ಮತ್ತೆ ಒದಗಲಿಲ್ಲ.

ಹೆಸರು ಒಬ್ಬರದು, ಅದನ್ನು ಹೊತ್ತು ನಡೆವ ಬಲ ಮತ್ತೊಬ್ಬರದು ಆದಾಗ ಹೀಗಾಗುವುದುಂಟು. ಉಮಾಬಾಯಿಗೆ ಹೆಸರು ಬಂದುದು ಮನೆತನದಿಂದ. ಮನೆತನದ ಹಂಗಿಲ್ಲದೆ ಸ್ತ್ರೀಗೆ ದೇಶವ್ಯಾಪಿಯಾದ ಹೆಸರು ದೊರೆಯುವ ಹೊಸ ಬಾಗಿಲುಗಳನ್ನು ಇಪ್ಪತ್ತನೆಯ ಶತಮಾನ ತೆರೆಯಿತು. ಸೌಂದರ್ಯ ಸ್ಪರ್ಧೆಯ ಕಿರೀಟ ಅವುಗಳಲ್ಲೊಂದು. ಅದನ್ನು ಧರಿಸಿ ರಾಜಕಾರಣಕ್ಕೆ ಕಾಲಿಟ್ಟವರ ಚರಿತ್ರೆಯಲ್ಲಿ ತಳೇಗಾಂವದ ಪ್ರಶ್ನೆಯೇ ಮರಳಿ ಏಳುತ್ತದೆ.

ಇವರೊಳಗೆ ಬಹಳ ಎತ್ತರಕ್ಕೇರಿದವರಲ್ಲೊಬ್ಬಳು ವೆನೆಜುವೆಲಾ ದೇಶದ ಐರೀನ್ ಸಾಯೆಸ್. 1981ರಲ್ಲಿ ಭುವನ ಸುಂದರಿಯಾದ ಈಕೆ 1992ರಲ್ಲಿ ರಾಜಧಾನಿ ಕರಾಕಸ್ಸಿಗೆ ಸೇರಿದ ಚಕಾವೊ ಎಂಬ ಸಿರಿವಂತ ಪುರಸಭೆಯ ಅಧ್ಯಕ್ಷೆಯಾಗಿ ಚುನಾಯಿತಳಾದಳು. ಚೆಲುವೆಗೆ ಆಡಳಿತವೇನು ಗೊತ್ತು ಎಂದು ನಕ್ಕವರು ಬಹುಬೇಗ ಸುಮ್ಮನಾಗಬೇಕಾಯಿತು. ಊರ ಪೋಲೀಸು ವ್ಯವಸ್ಥೆ ಸುಧಾರಿಸಿತು, ಬೀದಿಗಳು ಅಚ್ಚುಕಟ್ಟಾದವು; 1995ರಲ್ಲಿ ಎದುರಾಳಿಗಳು ನೆಪಮಾತ್ರಕ್ಕೆ ಉಳಿದರು. 1998ರ ಅಧ್ಯಕ್ಷೀಯ ಚುನಾವಣೆಗೆ ವರ್ಷವಿರುವಾಗ ಜನಾಭಿಪ್ರಾಯದ ಎಣಿಕೆಗಳಲ್ಲಿ ಎಲ್ಲರಿಗಿಂತ ಮುಂದಿದ್ದವಳು ಆಕೆಯೇ. ಆಗ ಹಳೆಯ ಪಕ್ಷವಾದ ಕೋಪೇಯಿಯ ಬೆಂಬಲವನ್ನು ಆಕೆ ಒಪ್ಪಿಕೊಂಡಳು. ಹಳೆಯ ಪಕ್ಷಗಳ ಮೇಲೆ ಜನ ರೋಸಿಹೋಗಿದ್ದ ಕಾಲವದು. ಹೂಗೋ ಚಾವೆಸನ ಅಲೆ ಏಳುತ್ತಿತ್ತು. ಆಕೆಯ ಬಲ ಕುಗ್ಗಿದುದನ್ನು ಕಂಡ ಕೋಪೇಯಿ, ಮತದಾನವು ತೀರ ಸಮೀಪಿಸಿದಾಗ ಆಕೆಯನ್ನು ಬಿಟ್ಟು ಮತ್ತೊಬ್ಬ ಅಭ್ಯರ್ಥಿಯ ಬೆನ್ನಿಗೆ ನಿಂತಿತು. ಸಾಯೆಸ್‌ಗೆ ಬಿದ್ದ ಮತಗಳು ನೂರಕ್ಕೆ ಮೂರೂ ಇಲ್ಲ. ದಮಾಜಿಯ ನಡೆ ನೆನಪಾಗದೆ ಇರದು. 1999ರಲ್ಲಿ ನುವೇವ ಎಸ್ಪಾರ್ತಾ ಪ್ರಾಂತದ ರಾಜ್ಯಪಾಲೆಯಾಗಿ ಚುನಾಯಿತಳಾದರೂ ಆಕೆ ಆ ಸ್ಥಾನದಲ್ಲಿ ಬಹುಕಾಲ ಉಳಿಯಲಿಲ್ಲ.

ಕನ್ನಡ ನಾಡಿನಲ್ಲಿ ಕಿರೀಟವು ರಾಜಕಾರಣಕ್ಕೆ ಬಂದುದು ಬೇರೊಂದು ಬಗೆಯಲ್ಲಿ. 1996ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ, ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ರೈತಸಂಘವೂ, ಪ್ರಮೀಳಾ ನೇಸರ್ಗಿಯವರಂಥ ಭಾರತೀಯ ಜನತಾ ಪಕ್ಷದವರೂ, ಎಡಪಂಥದ ಮಹಿಳೆಯರೂ ತಮ್ಮ ತಮ್ಮ ಕಾರಣಗಳಿಂದ ಅದನ್ನು ಪ್ರತಿಭಟಿಸಿದರು. ಈಜುಡುಗೆಯ ಭಾಗವನ್ನು ಸೆಷೆಲ್ಸ್ ದ್ವೀಪಗಳಿಗೆ ಸಾಗಿಸಬೇಕಾಯಿತು. ಮದುರೆಯಲ್ಲಿ ಯುವಕನೊಬ್ಬ ಬೆಂಕಿಗಾಹುತಿಯಾದನು. ಇಷ್ಟು ಕೋಲಾಹಲದಲ್ಲಿ ಸ್ಪರ್ಧೆಗೆ ನಿಂತ ಹುಡುಗಿಯರ ಅಭಿಪ್ರಾಯವನ್ನು ಕೇಳಿದವರು ವಿರಳ. ಅವರು ವಾದದ ವಿಷಯವಾದರೇ ಹೊರತು ವಾದಿಗಳಾಗಲಿಲ್ಲ.

ಭಾರತದಲ್ಲಿ ವಾದಿಗಳಾಗಿಯೇ ಮತದಾರರ ಮುಂದೆ ನಿಂತ ಕಿರೀಟಧಾರಿಣಿಯರಿಗೆ ಜಯ ಒಲಿದುದು ಕಷ್ಟ. 1976ರ ಭಾರತ ಸುಂದರಿ, ಈಜಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ನಫೀಸಾ ಅಲಿ 2004ರಲ್ಲಿ ಕಾಂಗ್ರೆಸ್ಸಿನಿಂದ ಕಲಕತ್ತಾ ದಕ್ಷಿಣದಲ್ಲಿ ಮಮತಾ ಬ್ಯಾನರ್ಜಿಯವರೆದುರು ಸೋತರು. 2009ರಲ್ಲಿ ಸಮಾಜವಾದಿ ಪಕ್ಷದಿಂದ ಲಖನೌದಲ್ಲಿ ನಿಂತುದು, ನಟ ಸಂಜಯ ದತ್ತರ ಸ್ಪರ್ಧೆಗೆ ನ್ಯಾಯಾಲಯ ಅವಕಾಶ ಕೊಡದ್ದರಿಂದ ತೆರವಾದ ಜಾಗದಲ್ಲಿ, ಅಲ್ಲಿಯೂ ಸೋಲೇ. 1999ರ ಭಾರತ ಸುಂದರಿ ಗುಲ್ ಪನಾಗ್ 2014ರಲ್ಲಿ ಹೊಸದಾದ ಆಮ್ ಆದ್ಮಿ ಪಕ್ಷದಿಂದ ಚಂಡೀಗಢದಲ್ಲಿ ಮೂರನೆಯವರಾದರು. ಕಾರ್ಯಕರ್ತರ ಪಡೆಯಿಲ್ಲದ ಕಡೆ, ಅಥವಾ ಇನ್ನೂ ಬೇರೂರದ ಪಕ್ಷದ ಪರವಾಗಿ, ಹೆಸರೊಂದನ್ನೇ ನೆಚ್ಚಿ ಇವರನ್ನು ನಿಲ್ಲಿಸಲಾಗಿತ್ತು.

1998ರ ಭಾರತ ಸುಂದರಿ ಸ್ಪರ್ಧೆಯಲ್ಲಿ ಕಿರೀಟ ಸಿಗದೆ ಹಿಂದಿರುಗಿದ ಸ್ಮೃತಿ ಇರಾನಿಯವರ ದಾರಿ ಇದಕ್ಕೆ ವಿಪರೀತ. ದೂರದರ್ಶನ ಧಾರಾವಾಹಿಯಿಂದ ಮನೆಮಾತಾಗಿದ್ದರೂ 2004ರಲ್ಲಿ ದಿಲ್ಲಿಯ ಚಾಂದನಿ ಚೌಕದಲ್ಲಿ ಅವರು ಸೋತರು. ಆದರೆ ಪಕ್ಷವನ್ನು ಬಿಡಲಿಲ್ಲ, ಪಕ್ಷವೂ ಅವರನ್ನು ಬಿಡಲಿಲ್ಲ. ಮಹಿಳಾ ಮೋರ್ಚಾದ ಅಧ್ಯಕ್ಷತೆ, 2011ರಲ್ಲಿ ರಾಜ್ಯಸಭೆ, 2014ರಲ್ಲಿ ಅಮೇಠಿಯಲ್ಲಿ ಸೋತರೂ ಕೇಂದ್ರ ಮಂತ್ರಿಪದವಿ. ಅದೇ ಅಮೇಠಿಗೆ ಐದು ವರ್ಷ ಎಡತಾಕಿ 2019ರಲ್ಲಿ ರಾಹುಲ್ ಗಾಂಧಿಯವರನ್ನು ಸೋಲಿಸಿದರು. 2024ರಲ್ಲಿ ಆ ಕ್ಷೇತ್ರ ಅವರ ಕೈಬಿಟ್ಟಿತು. ಗೆದ್ದವರು ಕಿಶೋರಿಲಾಲ್ ಶರ್ಮಾ, ಗಾಂಧಿ ಮನೆತನದ ಪರವಾಗಿ ದಶಕಗಳ ಕಾಲ ಅಲ್ಲಿನ ಕೆಲಸ ನೋಡಿಕೊಂಡಿದ್ದ, ಹೊರಗೆ ಅಷ್ಟಾಗಿ ಹೆಸರು ಕೇಳಿರದ ಕಾರ್ಯಕರ್ತರು.