ಒಂದೇ ಅಕ್ಷರದಿಂದ ಮೂರು ಚಿಹ್ನೆ

ಪಿಯಾನೋ ಹಾಳೆಯ ಮೇಲೆ ಕಾಣುವ ಶಾರ್ಪ್, ಫ್ಲಾಟ್, ನ್ಯಾಚುರಲ್ ಎಂಬ ಮೂರು ಚಿಹ್ನೆಗಳೂ ‘ಬಿ’ ಎಂಬ ಒಂದೇ ಅಕ್ಷರದಿಂದ ಹುಟ್ಟಿದವು. 11ನೇ ಶತಮಾನದಲ್ಲಿ ಇಟಲಿಯ ಅರೆಝೊದ ಗ್ವಿದೋ ಎಂಬ ಸನ್ಯಾಸಿ ಚರ್ಚಿನ ಹುಡುಗರಿಗೆ ಗೆರೆಗಳ ಮೇಲೆ ಬರೆದ ಸ್ವರಗಳನ್ನು ನೋಡಿ ಹಾಡುವುದನ್ನು ಕಲಿಸುತ್ತಿದ್ದ. ಆಗ ಎ ಯಿಂದ ಜಿ ವರೆಗಿನ ಏಳು ಸ್ವರಗಳಲ್ಲಿ ಆರು ಸ್ಥಿರ, ಬಿ ಮಾತ್ರ ಚಂಚಲ. ಎಫ್‌ನಿಂದ ಬಿ ಗೆ ನೇರವಾಗಿ ಏರಿದರೆ ನಡುವಿನ ಅಂತರ ಮೂರು ಪೂರ್ಣ ಸ್ವರ. ಅದು ಆ ಕಾಲದ ಕಿವಿಗೆ ಸಹಿಸದು. ಆದ್ದರಿಂದ ಅಂಥ ಕಡೆ ಬಿ ಯನ್ನು ಅರ್ಧ ಸ್ವರ ಇಳಿಸುತ್ತಿದ್ದರು. ಇಳಿಸಿದ್ದಕ್ಕೆ ದುಂಡನೆಯ ಬಿ, ಇಳಿಸದ್ದಕ್ಕೆ ಚೌಕದ ಬಿ ಬರೆದರು. ದುಂಡನೆಯದು ಇಂದಿನ ಫ್ಲಾಟ್. ಚೌಕದ್ದು ಲಿಪಿಕಾರರ ಕೈಯಲ್ಲಿ ಗೆರೆಗಳನ್ನು ಚಾಚಿಕೊಂಡು ನ್ಯಾಚುರಲ್ ಮತ್ತು ಸ್ವರವನ್ನು ಅರ್ಧ ಏರಿಸುವ ಶಾರ್ಪ್ ಎಂದು ಕವಲೊಡೆಯಿತು. ಜರ್ಮನರು ಈಗಲೂ ಇಳಿಸಿದ ಸ್ವರವನ್ನು ಬಿ ಎಂದೂ ಇಳಿಸದ್ದನ್ನು ಎಚ್ ಎಂದೂ ಕರೆಯುತ್ತಾರೆ.

ಮುಂದಿನ ಕೆಲವು ಶತಮಾನ ಇಂಥ ಏರಿಳಿತಗಳನ್ನು ಬಹುಪಾಲು ಬರೆಯುತ್ತಲೇ ಇರಲಿಲ್ಲ. ಎಲ್ಲಿ ಸ್ವರ ಬದಲಿಸಬೇಕೆಂದು ಗಾಯಕರು ಅಭ್ಯಾಸಬಲದಿಂದ ಅರಿಯುತ್ತಿದ್ದರು. ಅದಕ್ಕೆ ‘ಮ್ಯೂಸಿಕಾ ಫಿಕ್ಟಾ’ ಎಂಬ ಹೆಸರಿತ್ತು. ಹಾಡಿನುದ್ದಕ್ಕೂ ಬಿ ಇಳಿದೇ ಇರಬೇಕಾದಾಗ ಸಾಲಿನ ಮೊದಲಲ್ಲೇ ಒಂದು ಫ್ಲಾಟ್ ಇಟ್ಟುಬಿಡುತ್ತಿದ್ದರು. ಕೀ ಸಿಗ್ನೇಚರ್ ಮೊಳೆತದ್ದು ಹೀಗೆ. ಶಾರ್ಪ್‌ಗಳು ಆ ಜಾಗಕ್ಕೆ ಬಂದದ್ದು ಬಹಳ ತಡವಾಗಿ, 17ನೇ ಶತಮಾನದಲ್ಲಿ. ಮೇಜರ್, ಮೈನರ್ ಪದ್ಧತಿ ಬೇರೂರಿದ ಮೇಲೆ ಆಧಾರಸ್ವರ ಪ್ರತಿ ಬಾರಿ ಮೇಲಿನ ಐದನೇ ಸ್ವರಕ್ಕೆ ಏರಿದಂತೆ ಒಂದೊಂದು ಶಾರ್ಪ್, ಕೆಳಗಿನ ಐದನೇ ಸ್ವರಕ್ಕೆ ಇಳಿದಂತೆ ಒಂದೊಂದು ಫ್ಲಾಟ್ ಸೇರುವ ಕ್ರಮ ನಿಂತಿತು. ಶಾರ್ಪ್‌ಗಳ ಸಾಲು ಎಫ್‌ನಿಂದ, ಫ್ಲಾಟ್‌ಗಳ ಸಾಲು ಅದೇ ಹಳೆಯ ಬಿ ಯಿಂದ ಆರಂಭವಾಗುತ್ತದೆ.

ಈ ಕ್ರಮ ಒಮ್ಮೆಗೇ ಗಟ್ಟಿಯಾಗಲಿಲ್ಲ. ಸಂಗೀತಕಾರ ಬಾಖ್‌ನ ಒಂದು ಆರ್ಗನ್ ಟೊಕಾಟಾ ಡಿ ಮೈನರ್‌ನಲ್ಲಿದ್ದರೂ ಸಾಲಿನ ಮೊದಲಲ್ಲಿ ಇರಬೇಕಾದ ಬಿ ಫ್ಲಾಟ್ ಇಲ್ಲ. ಹಳೆಯ ಡೋರಿಯನ್ ಮೋಡ್‌ನ ರೂಢಿಯಂತೆ ಬರೆದ ಆ ಕೃತಿಗೆ ‘ಡೋರಿಯನ್’ ಎಂಬ ಹೆಸರೇ ಅಂಟಿದೆ. ಆದರೆ 1722ರ ‘ವೆಲ್ ಟೆಂಪರ್ಡ್ ಕ್ಲಾವಿಯರ್’ನಲ್ಲಿ ಬಾಖ್ ಹನ್ನೆರಡು ಸ್ವರಗಳ ಮೇಜರ್, ಮೈನರ್ ಎರಡರಲ್ಲೂ, ಒಟ್ಟು 24 ಕೀಗಳಲ್ಲಿ, ಪ್ರಿಲ್ಯೂಡ್ ಮತ್ತು ಫ್ಯೂಗ್ ರಚಿಸಿದ. ಕೀಬೋರ್ಡಿನ ಯಾವ ಮನೆಯಿಂದಲೂ ಸಂಗೀತ ಹೊರಡಬಹುದೆಂಬುದಕ್ಕೆ ಇದಕ್ಕಿಂತ ಭವ್ಯವಾದ ಸಾಕ್ಷಿ ಸಿಗುವುದು ಕಷ್ಟ. ಅದರ ಸಿ ಶಾರ್ಪ್ ಮೇಜರ್‌ನಲ್ಲಿ ಏಳು ಸ್ವರಗಳೂ ಶಾರ್ಪ್.

ಸಾಲಿನ ನಡುವೆ ಬರುವ ಬಿಡಿ ಚಿಹ್ನೆಗೆ ಆಕ್ಸಿಡೆಂಟಲ್ ಎಂದು ಹೆಸರು. ಬಾಖ್ ಬದುಕಿದ್ದ ಬರೋಕ್ ಕಾಲದಲ್ಲಿ ಅದು ಸಾಮಾನ್ಯವಾಗಿ ಪಕ್ಕದ ಸ್ವರಕ್ಕಷ್ಟೇ ಸಲ್ಲುತ್ತಿತ್ತು. ಅದೇ ಬಾರ್‌ನಲ್ಲಿ (ಎರಡು ಲಂಬ ಗೆರೆಗಳ ನಡುವಿನ ಭಾಗದಲ್ಲಿ) ಆ ಸ್ವರ ಮತ್ತೆ ಬಂದರೆ ಚಿಹ್ನೆಯನ್ನೂ ಮತ್ತೆ ಬರೆಯುತ್ತಿದ್ದರು. ಫ್ಲಾಟನ್ನು ರದ್ದುಮಾಡಲು ಶಾರ್ಪ್, ಶಾರ್ಪನ್ನು ರದ್ದುಮಾಡಲು ಫ್ಲಾಟ್ ಬಳಸುವುದೂ ಇತ್ತು. ಆ ಕೆಲಸ ನ್ಯಾಚುರಲ್‌ಗೆ ಖಾಯಂ ಆದದ್ದು 18ನೇ ಶತಮಾನದಲ್ಲಿ. ಈಗಿನ ನಿಯಮದಲ್ಲಿ ಆಕ್ಸಿಡೆಂಟಲ್ ಆ ಬಾರ್ ಮುಗಿಯುವವರೆಗೆ, ಅದೇ ಗೆರೆ ಅಥವಾ ಅದೇ ಎಡೆಯ ಸ್ವರಕ್ಕೆ ಮಾತ್ರ ಅನ್ವಯಿಸುತ್ತದೆ. ಕೀ ಸಿಗ್ನೇಚರ್ ಎಲ್ಲ ಸ್ಥಾಯಿಗಳನ್ನೂ ಆಳುತ್ತದೆ.

1909ರಲ್ಲಿ ಸಂಗೀತಕಾರ ಶ್ಯೋನ್‌ಬರ್ಗ್ ತನ್ನ ಮೂರು ಪಿಯಾನೋ ರಚನೆಗಳಲ್ಲಿ ಕೀ ಸಿಗ್ನೇಚರ್ ಅನ್ನೇ ಕೈಬಿಟ್ಟ. ಆಧಾರಸ್ವರವನ್ನೇ ಒಪ್ಪದ ಆ ಸಂಗೀತದಲ್ಲಿ ಸಾಲಿನ ಮೊದಲ ಜಾಗ ಖಾಲಿ. ಬೇಕಾದ ಶಾರ್ಪ್, ಫ್ಲಾಟ್‌ಗಳೆಲ್ಲ ಆಯಾ ಸ್ವರದ ಪಕ್ಕದಲ್ಲೇ ಇವೆ.